ಮೀನಿನ ತುಂಡಿಗೆ ಹಚ್ಚುವ ಹುಳಿ-ಖಾರ: 900 ವರ್ಷಗಳ ಕಥೆ

ಪುಣೆ–ಬೆಂಗಳೂರು ಹೆದ್ದಾರಿಯ ಕೆಲವು ಹೋಟೆಲ್‌ಗಳ ಮೆನು ಕಾರ್ಡಿನಲ್ಲಿ ಈಗ ‘ಬೇಕ್ಡ್ ಫಿಶ್ ಫಿಲೆಟ್’ ಅನ್ನುವ ಸಾಲು ಕಾಣಿಸುತ್ತದೆ. ಮುಳ್ಳು ತೆಗೆದ ಬಿಳಿ ತುಂಡು, ಮೇಲೆ ಹುಳಿ-ಖಾರದ ಸಾಸ್, ಓವನ್‌ನಲ್ಲಿ ಹದಿನೈದು ನಿಮಿಷ. ಹೆಸರು, ದರ ಎರಡನ್ನೂ ನೋಡಿದವರಿಗೆ ಇದು ಎಲ್ಲೋ ಹೊರದೇಶದಿಂದ ಬಂದ ತಿನಿಸು, ನಮ್ಮಂಥ ಬಯಲುಸೀಮೆಯವರಿಗೆ ಸಂಬಂಧಪಟ್ಟದ್ದಲ್ಲ ಅನಿಸುತ್ತದೆ. ‘ಮೀನು ಕರಾವಳಿಯವರದ್ದು, ನಮ್ಮದು ರೊಟ್ಟಿ-ಪಲ್ಯ’ ಅನ್ನುವ ಮಾತು ನಮ್ಮ ಹಾವೇರಿ ಕಡೆ ಸಾಮಾನ್ಯ. ವರದಾ, ಕುಮುದ್ವತಿ, ತುಂಗಭದ್ರಾ ಮೂರೂ ಹರಿಯುವ ಜಿಲ್ಲೆಯಲ್ಲಿ ಕೂತು ಈ ಮಾತು ಆಡುತ್ತೇವೆ ಅನ್ನುವುದು ಬೇರೆ ವಿಷಯ.

ಮೀನನ್ನು ತುಂಡು ಮಾಡಿ, ಚೆನ್ನಾಗಿ ತೊಳೆದು, ಹುಳಿ ಸೇರಿಸಿ ಬೇಯಿಸುವ ವಿಧಾನ ಈ ನೆಲದಲ್ಲಿ ಸುಮಾರು 1130ರಲ್ಲೇ ಬರವಣಿಗೆಗೆ ಇಳಿದಿದೆ. ಬರೆದವನು ಅಡುಗೆಯವನಲ್ಲ, ದೊರೆ. ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ಆಳುತ್ತಿದ್ದ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ. ಅವನ ಆಳ್ವಿಕೆ 1126ರಿಂದ 1138ರವರೆಗೆ. ಪುಸ್ತಕದ ಹೆಸರು ‘ಮಾನಸೋಲ್ಲಾಸ’, ಇನ್ನೊಂದು ಹೆಸರು ‘ಅಭಿಲಷಿತಾರ್ಥ ಚಿಂತಾಮಣಿ’. ಭಾಷೆ ಸಂಸ್ಕೃತ. ಐದು ಭಾಗ, ಒಂದೊಂದರಲ್ಲಿ 20 ಅಧ್ಯಾಯ, ಒಟ್ಟು 100. ರಾಜ್ಯ ಪಡೆಯುವುದು ಹೇಗೆ ಎಂಬುದರಿಂದ ಹಿಡಿದು ಆನೆ, ಕುದುರೆ, ಚಿತ್ರಕಲೆ, ಸಂಗೀತ, ಆಟಗಳವರೆಗೆ ದೊರೆಯೊಬ್ಬನಿಗೆ ಬೇಕಾದ ಎಲ್ಲವೂ ಅದರಲ್ಲಿದೆ. ನಾವು ಬೆಳಿಗ್ಗೆ ತಿನ್ನುವ ಇಡ್ಲಿಯ ಹಳೆಯ ರೂಪ ‘ಇಡ್ಡರಿಕಾ’ ಮತ್ತು ದೋಸೆಯ ಹಳೆಯ ಹೆಸರು ‘ದೋಸಕ’ ಇರುವುದೂ ಅದರ ಊಟದ ಅಧ್ಯಾಯದಲ್ಲೇ.

ಇಡ್ಲಿ-ದೋಸೆಯ ಮಾತು ಬಂದಾಗ ಮಾನಸೋಲ್ಲಾಸದ ಹೆಸರು ಹೇಳುವವರು ಬಹಳ ಮಂದಿ. ಅದೇ ಅಧ್ಯಾಯದ ಮೀನಿನ ಬಗ್ಗೆ ಹೇಳುವವರು ಕಡಿಮೆ. ಅಲ್ಲಿ ಮೀನಿನ ತುಂಡುಗಳನ್ನು ತೊಳೆದು ಹುಣಸೆ ರಸದಲ್ಲಿ ಬೇಯಿಸುವ ವಿಧಾನವಿದೆ. ಇನ್ನೊಂದು ವಿಧಾನದಲ್ಲಿ ತುಂಡುಗಳ ಮೇಲೆ ಗೋಧಿ ಹಿಟ್ಟು ಉದುರಿಸಿ, ಕಾದ ಎಣ್ಣೆಯಲ್ಲಿ ಕಂದು ಬಣ್ಣ ಬರುವವರೆಗೆ ಹುರಿದು, ಕೊನೆಗೆ ಸೈಂಧವ ಲವಣ, ಏಲಕ್ಕಿ ಪುಡಿ, ಕರಿಮೆಣಸಿನ ಪುಡಿ ಹಾಕಬೇಕು. ಮಾಂಸವನ್ನು ಕಡ್ಡಿಗೆ ಪೋಣಿಸಿ ಕೆಂಡದ ಮೇಲೆ ಸುಡುವ ಅಡುಗೆಯೂ ಇದೆ. ಗದ್ದೆಯ ಇಲಿಯನ್ನು ಹುರಿಯುವುದೂ ಇದೆ. ಮೂಗು ಮುರಿಯುವವರು ಮುರಿಯಲಿ, ಬರೆದವನು ಚಕ್ರವರ್ತಿ.

ಮೀನು ಅವನಿಗೆ ಬರೀ ಊಟವಾಗಿರಲಿಲ್ಲ. ಅದೇ ಪುಸ್ತಕದ ಆಟ-ವಿನೋದಗಳ ಭಾಗದಲ್ಲಿ ‘ಮತ್ಸ್ಯವಿನೋದ’ ಎಂಬ ಅಧ್ಯಾಯವೇ ಇದೆ. ಗಾಳ, ದಾರ, ಕೋಲು ಹೇಗಿರಬೇಕು, ಯಾವ ಮೀನಿಗೆ ಯಾವ ಎರೆ, ಯಾವ ಮೀನು ಸಮುದ್ರದ್ದು, ಯಾವುದು ಹೊಳೆಯದ್ದು, ಯಾವುದಕ್ಕೆ ಹುರುಪೆ ಇದೆ, ಯಾವುದಕ್ಕೆ ಇಲ್ಲ ಎಂದು ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳನ್ನು ವಿಂಗಡಿಸಲಾಗಿದೆ. ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾಲಯದ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ ಎಂಬ ಮೀನು ವಿಜ್ಞಾನಿ 1951ರಲ್ಲಿ ಈ ಅಧ್ಯಾಯದ ಬಗ್ಗೆ ಪ್ರತ್ಯೇಕ ಲೇಖನವನ್ನೇ ಬರೆದರು. ಮೀನು ಹಿಡಿಯುವವರು ಇಷ್ಟು ವಿವರ ಹೇಳಿಕೊಡದೆ ಅರಮನೆಯಲ್ಲಿ ಕೂತ ಯಾರಿಗೂ ಇದು ತಿಳಿಯುವಂಥದ್ದಲ್ಲ ಅನ್ನುವುದು ನನ್ನ ಅನಿಸಿಕೆ.

ಹುಣಸೆ ಹುಳಿ ಯಾಕೆ ಅನ್ನುವುದಕ್ಕೆ ಇವತ್ತಿನ ವಿಜ್ಞಾನ ಉತ್ತರ ಕೊಡುತ್ತದೆ. ಸಮುದ್ರದ ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾದಿಂದ ಟ್ರೈಮಿಥೈಲಮೈನ್ ಅನ್ನುವ ವಸ್ತು ಹುಟ್ಟುತ್ತದೆ. ನಾವು ‘ಮೀನಿನ ವಾಸನೆ’ ಅನ್ನುವುದು ಅದನ್ನೇ. ಕೆರೆ ಮೀನಿನ ಕತೆ ಬೇರೆ. ಅದಕ್ಕಿರುವುದು ಕೆಸರಿನ ವಾಸನೆ, ಮಳೆ ಬಿದ್ದ ಮಣ್ಣಿನ ವಾಸನೆಯ ಹಾಗೆ. ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಮಾಡುವ ಜಿಯೋಸ್ಮಿನ್ ಅದಕ್ಕೆ ಕಾರಣ. ಹುಳಿ ಎರಡರ ಮೇಲೂ ಕೆಲಸ ಮಾಡುತ್ತದೆ. ಮೊದಲನೆಯದನ್ನು ಗಾಳಿಗೆ ಹಾರದಂತೆ ಕಟ್ಟಿಹಾಕುತ್ತದೆ, ಎರಡನೆಯದನ್ನು ಒಡೆಯುತ್ತದೆ. ಗೋಧಿ ಹಿಟ್ಟಿನ ಪದರ ತುಂಡಿನ ಮೇಲಿನ ತೇವವನ್ನು ಹೀರಿ ಹೊರಭಾಗ ಕಂದಾಗಲು, ಮೀನು ಒಡೆಯದಿರಲು ಸಹಾಯ ಮಾಡುತ್ತದೆ. ಸೋಮೇಶ್ವರನ ಅಡುಗೆಮನೆಯಲ್ಲಿ ರಸಾಯನಶಾಸ್ತ್ರ ಇರಲಿಲ್ಲ. ಬೆಸ್ತರ ಮನೆಯಲ್ಲೂ ಇರಲಿಲ್ಲ. ಕೈಗೆ ಗೊತ್ತಿತ್ತು.

ದೊರೆ ಬರೆದ, ಉಳಿಯಿತು. ಮೀನು ಹಿಡಿದು, ಕೊಯ್ದು, ಬೇಯಿಸಿದವರು ಬರೆಯಲಿಲ್ಲ. ಸೋಮೇಶ್ವರನ ಕಾಲಕ್ಕೆ ಒಂದು ತಲೆಮಾರು ಈಚೆಗೆ, ನಮ್ಮ ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದಲ್ಲಿ, ತುಂಗಭದ್ರೆಯ ದಡದಲ್ಲಿ, ಹೊಳೆ ದಾಟಿಸುವ ಕಸುಬಿನ ಅಂಬಿಗರ ಚೌಡಯ್ಯನ ಹೆಸರು ಬರುತ್ತದೆ. ಅಂಥ ಕಸುಬಿನವನೊಬ್ಬನ ಮಾತು ವಚನವಾಗಿ ನಮಗೆ ಉಳಿದಿರುವುದೇ ದೊಡ್ಡ ಸಂಗತಿ. ಆದರೆ ಅದೇ ಹೊಳೆ ದಡದ ಹೆಂಗಸರು ಮೀನಿಗೆ ಏನು ಅರೆದು ಹಚ್ಚುತ್ತಿದ್ದರು ಅನ್ನುವುದನ್ನು ಯಾರೂ ಬರೆದಿಡಲಿಲ್ಲ. ಮುಂದೆ 1500ರ ಆಸುಪಾಸಿನಲ್ಲಿ ಮೂರನೇ ಮಂಗರಸ ಕನ್ನಡದಲ್ಲೇ ‘ಸೂಪಶಾಸ್ತ್ರ’ ಬರೆದ. ಕನ್ನಡದ ಅಡುಗೆ ಪುಸ್ತಕ ಅಂದರೆ ಮೊದಲು ನೆನಪಾಗುವುದು ಅದೇ. ಅವನು ಜೈನ. ಅದರಲ್ಲಿ ಮೀನು-ಮಾಂಸವಿಲ್ಲ. ಅವನ ಧರ್ಮಕ್ಕೆ ಅದು ಸರಿ. ಆದರೆ ಆ ಒಂದೇ ಪುಸ್ತಕ ನೋಡಿ ‘ಹಿಂದಿನ ಕನ್ನಡಿಗರ ಊಟ ಹೀಗಿತ್ತು’ ಎಂದು ಹೇಳಿಬಿಟ್ಟರೆ, ಹೊಳೆ ಮತ್ತು ಕಡಲನ್ನು ನಂಬಿ ಬದುಕಿದ ಬೆಸ್ತರು, ಅಂಬಿಗರು, ಮೊಗವೀರರು, ಖಾರ್ವಿಗಳ ಒಲೆಗಳೆಲ್ಲ ಚರಿತ್ರೆಯಿಂದ ಆರಿಹೋಗುತ್ತವೆ.

ಮಾನಸೋಲ್ಲಾಸದ ಮೀನಿನ ಅಡುಗೆಯಲ್ಲಿ ಒಂದು ವಸ್ತು ಇಲ್ಲ. ಇವತ್ತು ಅದಿಲ್ಲದೆ ಮೀನಿನ ಮಸಾಲೆ ಊಹಿಸುವುದೂ ಕಷ್ಟ. ಅದು ಮೆಣಸಿನಕಾಯಿ.

ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದದ್ದು, 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದದ್ದು ಶಾಲೆಯಲ್ಲಿ ಓದಿದ್ದೇವೆ. ಅವರ ಹಡಗುಗಳ ಮೂಲಕ 16ನೇ ಶತಮಾನದಲ್ಲಿ ಈ ಗಿಡ ನಮ್ಮ ಪಶ್ಚಿಮ ಕರಾವಳಿಗೆ ಬಂತು. ಪುರಂದರದಾಸರ ಹೆಸರಿನಲ್ಲಿ ಹಾಡುವ ಒಂದು ಕೀರ್ತನೆಯಲ್ಲಿ ಮೆಣಸಿನಕಾಯಿಯ ವರ್ಣನೆ ಇದೆ. ಅಲ್ಲಿಗೆ ಅದು ಕನ್ನಡದ ಬಾಯಿಗೂ ಹತ್ತಿತ್ತು ಅಂತಾಯಿತು.

ಸಾಕ್ಷಿಗೆ ಬೇರೆ ಕಡೆ ಹೋಗುವುದೇ ಬೇಡ, ಹೆಸರಿನಲ್ಲೇ ಇದೆ. ಹಳೆಯ ಕನ್ನಡದಲ್ಲಿ ‘ಮೆಣಸು’ ಅಂದರೆ ಬಳ್ಳಿಯಲ್ಲಿ ಬಿಡುವ ಕಾಳು ಮಾತ್ರ. ಹೊಸದಾಗಿ ಬಂದ ಕಾಯಿಗೆ ಹೆಸರಿರಲಿಲ್ಲ. ಮೆಣಸಿನಂತೆ ಖಾರ ಇತ್ತು, ಆಕಾರದಲ್ಲಿ ಕಾಯಿ. ಅದಕ್ಕೆ ‘ಮೆಣಸಿನಕಾಯಿ’. ತಮಿಳರು ಮಿಳಗು–ಮಿಳಗಾಯ್ ಅಂದರು, ತೆಲುಗರು ಮಿರಿಯಾಲು–ಮಿರಪಕಾಯ ಅಂದರು. ಮೂರು ಭಾಷೆಯವರೂ ಒಂದೇ ಉಪಾಯ ಮಾಡಿದ್ದಾರೆ. ಆಮೇಲೆ ತಮಾಷೆ ನಡೆಯಿತು. ಹೊಸಬ ಹಳಬನ ಹೆಸರನ್ನೇ ಕಸಿದುಕೊಂಡ. ಇವತ್ತು ಕರಾವಳಿಯಲ್ಲಿ ಬರೀ ‘ಮೆಣಸು’ ಎಂದರೆ ಮೆಣಸಿನಕಾಯಿ ಎಂದೇ ಅರ್ಥವಾಗುವುದು ಹೆಚ್ಚು. ಮನೆಯ ಮೂಲ ಯಜಮಾನ ತನ್ನನ್ನು ‘ಕರಿಮೆಣಸು’, ‘ಕಾಳುಮೆಣಸು’, ‘ಒಳ್ಳೆಮೆಣಸು’ ಎಂದು ಬಿಡಿಸಿ ಹೇಳಿಕೊಳ್ಳಬೇಕಾಗಿದೆ.

ಪೋರ್ಚುಗೀಸರು ಬಂದದ್ದು ಕಾಳುಮೆಣಸಿಗಾಗಿ. ಶರಾವತಿ ಕಣಿವೆಯ ಮೆಣಸಿನ ವ್ಯಾಪಾರ ಕೈಯಲ್ಲಿಟ್ಟುಕೊಂಡಿದ್ದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರು ‘ಮೆಣಸಿನ ರಾಣಿ’ ಎಂದು ಕರೆದರು. ಕಾಳುಮೆಣಸನ್ನು ಹಡಗು ತುಂಬಿಸಿಕೊಂಡು ಹೋದವರು, ಅದರ ಎದುರಾಳಿಯನ್ನು ಇಲ್ಲಿ ಬಿಟ್ಟುಹೋದರು. ಬಳ್ಳಿಗೆ ಘಟ್ಟದ ಮಳೆ ಬೇಕು, ನೆರಳು ಬೇಕು, ಹಬ್ಬಲು ಮರ ಬೇಕು. ಮೆಣಸಿನಕಾಯಿ ಗಿಡಕ್ಕೆ ಒಂದು ತುಂಡು ಎರೆಹೊಲ ಸಾಕು, ಕೆಲವೇ ತಿಂಗಳಲ್ಲಿ ಫಲ. ಖಾರ ಅನ್ನುವುದು ಶ್ರೀಮಂತರ ಡಬ್ಬಿಯಿಂದ ಬಡವರ ಒರಳಿಗೆ ಇಳಿದದ್ದು ಹೀಗೆ.

ಇಲ್ಲಿ ನಮ್ಮ ಜಿಲ್ಲೆಯ ಪಾಲು ದೊಡ್ಡದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಮಾನ್ಯತೆ ಸಿಕ್ಕಿದೆ. ಡಬ್ಬಿ, ಕಡ್ಡಿ ಎಂದು ಎರಡು ಬಗೆ. ಮೈಯೆಲ್ಲ ಸುಕ್ಕು, ಖಾರ ಕಡಿಮೆ, ಬಣ್ಣ ಕಡುಗೆಂಪು. ಮೀನಿನ ಮಸಾಲೆಗೆ ಇದು ಹೇಳಿ ಮಾಡಿಸಿದಂಥದ್ದು. ಯಾಕೆಂದರೆ ತುಂಡಿಗೆ ದಪ್ಪಗೆ ಹಚ್ಚಬೇಕು. ಗುಂಟೂರಿನಂಥ ಖಾರದ ಕಾಯಿಯನ್ನು ಅಷ್ಟು ದಪ್ಪ ಹಚ್ಚಿದರೆ ಬಾಯಿ ಉರಿಯುತ್ತದೆಯೇ ಹೊರತು ಮೀನಿನ ರುಚಿ ಸಿಗುವುದಿಲ್ಲ. ಮಂಗಳೂರಿನ ಮೀನು ಗಸಿಯ ಕೆಂಪು ಬಣ್ಣ ಘಟ್ಟದ ಮೇಲಿನ ನಮ್ಮ ಹೊಲದ್ದು ಅನ್ನುವುದು ಅಲ್ಲಿ ಉಣ್ಣುವ ಎಷ್ಟೋ ಮಂದಿಗೆ ಗೊತ್ತಿಲ್ಲ. ಬೆಳೆದವರ ಪಾಡು ಮಾತ್ರ ಬೇರೆ. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ವಾಹನಗಳಿಗೆ ಬೆಂಕಿ ಬೀಳುವವರೆಗೆ ಹೋಯಿತು. ಮಸಾಲೆ ಅಂದರೆ ಬರೀ ರುಚಿಯ ವಿಷಯ ಅಲ್ಲ.

ಖಾರ ಬದಲಾದರೂ ಹುಳಿ ಬದಲಾಗಲಿಲ್ಲ. ಊರಿಗೊಂದು ಹುಳಿ ಉಳಿದುಕೊಂಡಿತು. ಬಯಲುಸೀಮೆಗೆ ಹುಣಸೆ. ಉತ್ತರ ಕನ್ನಡಕ್ಕೆ ಮುರುಗಲು ಮತ್ತು ಉಪ್ಪಾಗೆ. ದಕ್ಷಿಣ ಕನ್ನಡದವರು ಮುರುಗಲನ್ನೇ ಪುನರ್ಪುಳಿ ಅನ್ನುತ್ತಾರೆ. ಕೊಡಗಿನವರು ಉಪ್ಪಾಗೆ ಜಾತಿಯ ಹಣ್ಣಿನ ರಸವನ್ನು ಕುದಿಸಿ ಕುದಿಸಿ ಕಪ್ಪಾಗಿಸಿ ಕಾಚಂಪುಳಿ ಮಾಡುತ್ತಾರೆ. ಬಾಟಲಿಯಲ್ಲಿ ವರ್ಷಗಟ್ಟಲೆ ಇಡಬಹುದಾದ ಅದನ್ನು ‘ಮನೆಯಲ್ಲೇ ಮಾಡಿದ ಸಾಸ್’ ಅನ್ನದೆ ಇನ್ನೇನು ಅನ್ನಬೇಕು? ಪೋರ್ಚುಗೀಸರು ಹುಳಿಯಲ್ಲೂ ಒಂದು ಕೈ ಆಡಿಸಿದರು. ಗೋವಾದಲ್ಲಿ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಕಾಳುಮೆಣಸುಗಳನ್ನು ವಿನೆಗರ್‌ನಲ್ಲಿ ಅರೆದು ಬಂಗುಡೆಯ ಹೊಟ್ಟೆಗೆ ತುಂಬುವ ಮಸಾಲೆಗೆ ‘ರೆಶಾದ್’ ಅನ್ನುತ್ತಾರೆ. ತುಂಬಿದ್ದು ಅನ್ನುವ ಅರ್ಥದ ಪೋರ್ಚುಗೀಸ್ ಪದದಿಂದ ಬಂದದ್ದು. ಆ ವಿನೆಗರ್ ಕೂಡ ಇಲ್ಲಿನದೇ, ತೆಂಗಿನ ಸೇಂದಿಯಿಂದ ಆಗುವಂಥದ್ದು.

ಇನ್ನು ‘ಬೇಕ್’. ಕನ್ನಡದಲ್ಲಿ ಸುಡು, ಹುರಿ, ಕರಿ, ಬೇಯಿಸು, ಬಾಡಿಸು ಎಲ್ಲ ಇವೆ. ಮುಚ್ಚಿದ ಒಣಶಾಖದಲ್ಲಿ ಸುತ್ತಲೂ ಬೇಯಿಸುವುದಕ್ಕೆ ಒಂದೇ ಪದ ಇಲ್ಲ. ನಮ್ಮ ಮನೆಗಳಲ್ಲಿ ಓವನ್ ಇರಲಿಲ್ಲ, ಅದಕ್ಕೆ. ಆದರೆ ಆ ಕೆಲಸ ಇತ್ತು. ಬಾಳೆ ಎಲೆಯಲ್ಲಿ ಸುತ್ತಿ ಕೆಂಡದ ಬೂದಿಯಲ್ಲಿ ಹೂಳುವುದು, ಮಡಕೆಯ ಮುಚ್ಚಳದ ಮೇಲೂ ಕೆಂಡ ಹಾಕುವುದು, ಇವೆಲ್ಲ ಅದೇ ಶಾಖದ ವಿದ್ಯೆ. ಎಲೆ ಎರಡು ಕೆಲಸ ಮಾಡುತ್ತದೆ. ಮೀನಿನ ನೀರು ಹೊರಹೋಗದಂತೆ ತಡೆಯುತ್ತದೆ, ಮಸಾಲೆ ಸೀದುಹೋಗದಂತೆ ಕಾಯುತ್ತದೆ. ಕೇರಳದ ಕರಿಮೀನ್ ಪೊಳ್ಳಿಚ್ಚದು, ಬಂಗಾಳದ ಪಾತುರಿ, ಪಾರ್ಸಿಗಳ ಪಾತ್ರಾನಿ ಮಚ್ಛಿ ಎಲ್ಲ ಎಲೆಯ ಮಕ್ಕಳೇ. ಓವನ್‌ನಲ್ಲಿ ಅಲ್ಯೂಮಿನಿಯಂ ಹಾಳೆ ಸುತ್ತುವವರು ಎಲೆಯ ಬದಲು ಲೋಹ ಹಿಡಿದಿದ್ದಾರೆ, ಅಷ್ಟೇ.

ಈ ಇಡೀ ಕಥೆಯಲ್ಲಿ ಅತಿ ಹೊಸದು ಯಾವುದು ಎಂದು ಕೇಳಿದರೆ ನಾನು ಮಸಾಲೆಯನ್ನೂ ಹೇಳುವುದಿಲ್ಲ, ಓವನ್ನನ್ನೂ ಹೇಳುವುದಿಲ್ಲ. ಮೀನನ್ನೇ ಹೇಳುತ್ತೇನೆ.

ನಮ್ಮ ಕೆರೆ-ಹೊಳೆಗಳಲ್ಲಿ ಮೊದಲಿನಿಂದ ಇದ್ದದ್ದು ಕೊರವ, ಬಾಳೆ ಮೀನು, ಹಾವುಮೀನಿನಂಥವು. ಇವತ್ತು ಕೆರೆಯಲ್ಲಿ ಬಲೆ ಎಳೆದರೆ ಬರುವುದು ಹೆಚ್ಚಾಗಿ ಕಾಟ್ಲಾ, ರೋಹು, ಮೃಗಾಲ್. ಇವು ಮೂಲದಲ್ಲಿ ಗಂಗಾ ಬಯಲಿನಂಥ ಉತ್ತರದ ನದಿಗಳ ಮೀನುಗಳು. ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಮೊದಲು ಮಳೆಗಾಲದಲ್ಲಿ ನದಿಯಿಂದ ಮರಿ ಹಿಡಿದು ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಆಲಿಕುಂಞಿ ಪಿಟ್ಯುಟರಿ ಗ್ರಂಥಿಯ ಸತ್ವ ಚುಚ್ಚಿ ಈ ಮೀನುಗಳನ್ನು ಕೊಳದಲ್ಲೇ ಮೊಟ್ಟೆ ಇಡಿಸಿದರು. ಜುಲೈ 10 ಇವತ್ತು ರಾಷ್ಟ್ರೀಯ ಮೀನು ಕೃಷಿಕರ ದಿನ ಆಗಿರುವುದು ಅದಕ್ಕೇ. ಅದಾದ ಮೇಲೆ ಮೀನುಮರಿ ಕೇಂದ್ರಗಳು ಬಂದವು, ಪ್ಲಾಸ್ಟಿಕ್ ಚೀಲದಲ್ಲಿ ಆಮ್ಲಜನಕ ತುಂಬಿಸಿಕೊಂಡು ಮರಿಗಳು ಊರೂರಿನ ಕೆರೆಗೆ ಬಂದವು. ನಾವು ಜಿಲೇಬಿ ಎಂದು ಕರೆಯುವ ತಿಲಾಪಿಯಾ 1952ರಲ್ಲೇ ಹೊರದೇಶದಿಂದ ಬಂದಿತ್ತು. ಅದಕ್ಕೆ ಯಾರ ಸಹಾಯವೂ ಬೇಕಾಗಲಿಲ್ಲ, ತಾನೇ ಹಬ್ಬಿತು.

ಕಾಟ್ಲಾ, ರೋಹು ಮೀನಿನಲ್ಲಿ ಮಾಂಸದ ನಡುವೆ ಇಂಗ್ಲಿಷಿನ ‘ವೈ’ ಅಕ್ಷರದ ಆಕಾರದ ಸಣ್ಣ ಮುಳ್ಳುಗಳಿವೆ. ಬೆನ್ನುಮೂಳೆಯ ಉದ್ದಕ್ಕೂ ಚಾಕು ಓಡಿಸಿ ‘ಫಿಲೆಟ್’ ತೆಗೆದರೂ ಅವು ಮಾಂಸದಲ್ಲೇ ಉಳಿಯುತ್ತವೆ. ನಮ್ಮವರು ಅಡ್ಡಕ್ಕೆ ಉಂಗುರದಂತೆ ತುಂಡು ಮಾಡಿ, ಮೂಳೆ ಸಮೇತ ಬೇಯಿಸಿ, ಬೆರಳಿನಲ್ಲಿ ಬಿಡಿಸಿ ತಿನ್ನುವುದು ಇದಕ್ಕೇ. ಹೋಟೆಲಿನ ಮುಳ್ಳಿಲ್ಲದ ಬಿಳಿ ತುಂಡು ಹಲವು ಬಾರಿ ‘ಬಾಸಾ’ ಹೆಸರಿನಲ್ಲಿ ಮಾರುವ ಪಂಗಾಸಿಯಸ್ ಎಂಬ ಮೀನಿನದು. ವಿಯೆಟ್ನಾಂನ ಮೆಕಾಂಗ್ ನದಿ ಬಯಲಿನಲ್ಲಿ ಸಾಕಿ, ಹೆಪ್ಪುಗಟ್ಟಿಸಿ ಕಳಿಸುತ್ತಾರೆ. 1990ರ ದಶಕದಲ್ಲಿ ಆ ಮೀನು ಭಾರತಕ್ಕೂ ಬಂತು, ಆಂಧ್ರದಲ್ಲಿ ದೊಡ್ಡ ಪ್ರಮಾಣದಲ್ಲಿ ಸಾಕುತ್ತಾರೆ. ಅದರ ಮಾಂಸದಲ್ಲಿ ಆ ಸಣ್ಣ ಮುಳ್ಳಿನ ಕಾಟವಿಲ್ಲ, ತನ್ನದೇ ರುಚಿಯೂ ಕಡಿಮೆ. ಅದಕ್ಕೇ ಸಾಸ್ ಜಾಸ್ತಿ.

ಲೆಕ್ಕ ಹಾಕಿ ನೋಡಿ. ಒಂದು ಕಿಲೋ ಇಡೀ ಮೀನಿನಿಂದ ಸಿಗುವ ಫಿಲೆಟ್ ಅರ್ಧ ಕಿಲೋಗಿಂತ ಕಡಿಮೆ. ತಲೆ, ಮೂಳೆ, ಚರ್ಮ ಎಲ್ಲ ಬೇರೆ ಹೋಗುತ್ತವೆ. ಫಿಲೆಟ್‌ನ ದರದಲ್ಲಿ ಕೊಯ್ದ ಕೈಯ ಕೂಲಿ, ಮಂಜುಗಡ್ಡೆ, ಸಾಗಣೆ, ಪ್ಯಾಕೆಟ್ ಎಲ್ಲ ಸೇರಿದೆ. ಕೆರೆ ದಡದಲ್ಲಿ ಇಡೀ ಮೀನನ್ನೇ ತೂಗಿ ಕೊಟ್ಟುಬಿಡುವ ನಮ್ಮ ಮೀನುಗಾರರ ಸಂಘಗಳಿಗೆ ಇದರಲ್ಲಿ ಒಂದೂ ಸಿಗುವುದಿಲ್ಲ. ಕೊಯ್ದು, ತೊಳೆದು, ಹುಳಿ-ಖಾರ ಹಚ್ಚಿದ ತುಂಡನ್ನೇ ಮಾರುವ ಕೆಲಸ ಕೆರೆ ಇರುವ ಊರಿನಲ್ಲೇ ಯಾಕೆ ಆಗಬಾರದು ಎಂದು ಕೇಳಬೇಕಾದವರು ನಾವೇ. ಮೆಣಸಿನಕಾಯಿಯೂ ನಮ್ಮದು, ಹುಣಸೆಯೂ ನಮ್ಮದು.

ಮಾಡಿ ನೋಡುವವರಿಗೆ ಒಂದು ಅಳತೆ. ಅರ್ಧ ಕಿಲೋ ಕಾಟ್ಲಾ ಅಥವಾ ಕೊರವ, ಒಂದು ಇಂಚು ದಪ್ಪದ ತುಂಡು. ನಿಂಬೆಹಣ್ಣಿನ ಅರ್ಧ ಗಾತ್ರದ ಹುಣಸೆಹಣ್ಣು ನೆನೆಸಿ ಗಟ್ಟಿ ರಸ ತೆಗೆಯಿರಿ. ಅದರ ಅರ್ಧ ರಸ, ಒಂದು ಚಮಚ ಉಪ್ಪು ಹಚ್ಚಿ 15 ನಿಮಿಷ ಬಿಟ್ಟು ನೀರು ಬಸಿಯಿರಿ. ಕೆಸರಿನ ವಾಸನೆ ಹೋಗುವುದು ಇಲ್ಲಿಯೇ, ಈ ಹಂತ ಬಿಡಬೇಡಿ. ಬಿಸಿನೀರಿನಲ್ಲಿ ನೆನೆಸಿದ 6 ಬ್ಯಾಡಗಿ ಮೆಣಸಿನಕಾಯಿ, 8 ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಕಾಳುಮೆಣಸು, ಒಂದು ಏಲಕ್ಕಿ, ಚಿಟಿಕೆ ಅರಿಶಿನ, ರುಚಿಗೆ ಉಪ್ಪು, ಉಳಿದ ಹುಣಸೆ ರಸ ಹಾಕಿ ನುಣ್ಣಗೆ ಅರೆಯಿರಿ. ಒಂದು ಚಮಚ ಎಣ್ಣೆ ಕಲಸಿ ತುಂಡಿನ ಎರಡೂ ಬದಿಗೆ ಹಚ್ಚಿ. ಮೆಣಸಿನಕಾಯಿ ಬಿಟ್ಟು, ಬೆಳ್ಳುಳ್ಳಿಯನ್ನೂ ಬಿಟ್ಟು, ಕಾಳುಮೆಣಸು ಜಾಸ್ತಿ ಮಾಡಿ ಒಮ್ಮೆ ನೋಡಿ. ಸೋಮೇಶ್ವರನ ಊಟಕ್ಕೆ ಅದು ಹತ್ತಿರ. ನನಗೆ ಕೆಂಪಿಗಿಂತ ಅದೇ ಹಿಡಿಸಿತು, ಮನೆಯಲ್ಲಿ ಉಳಿದವರಿಗೆ ಹಿಡಿಸಲಿಲ್ಲ.

ಓವನ್ ಇದ್ದರೆ ಮೊದಲು 180 ಡಿಗ್ರಿಗೆ ಕಾಯಿಸಿ 12ರಿಂದ 15 ನಿಮಿಷ. ಇಲ್ಲದವರು ಬಾಳೆ ಎಲೆಯನ್ನು ಬೆಂಕಿಗೆ ಬಾಡಿಸಿ, ತುಂಡು ಇಟ್ಟು ಮಡಚಿ, ದಪ್ಪ ತಳದ ಕಾವಲಿಯ ಮೇಲೆ ಮುಚ್ಚಳ ಹಾಕಿ, ಸಣ್ಣ ಉರಿಯಲ್ಲಿ ಒಂದೊಂದು ಬದಿಗೆ ಏಳು ನಿಮಿಷ ಬೇಯಿಸಿ. ಚಮಚದಿಂದ ಮುಟ್ಟಿದಾಗ ಮಾಂಸ ಪದರ ಪದರವಾಗಿ ಬಿಟ್ಟರೆ ಆಯಿತು, ಅದಕ್ಕಿಂತ ಹೆಚ್ಚು ಬೇಯಿಸಿದರೆ ಒಣಗುತ್ತದೆ. ಕೊಯ್ಯಿಸುವಾಗ ಕಾಟ್ಲಾದ ತಲೆಯನ್ನು ಬಿಟ್ಟು ಬರಬೇಡಿ. ಅಂಗಡಿಯವನು ಕೇಳಿದರೂ ಕೊಡಬೇಡಿ, ಮರುದಿನದ ಸಾರಿಗೆ ಅದು ಬೇಕು.